ರಕ್ತಕಣಕ್ಕೆ ತಾಲೀಮಿಲ್ಲ

ತಾ. 2 ಫೆಬ್ರವರಿ

ನನ್ನ ಮುದ್ದಿನ ಸೂಜಿಗೆ,

ತಂಗೀ, ಪರದೆ ಎತ್ತುವ ಮೊದಲೇ ಒಂದು ಮಾತು. ನಿನ್ನ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಓದು, ನಿಂತು ಓದಬೇಡ. ಕೈಯಲ್ಲಿ ಸಿರಿಂಜಿದ್ದರೆ ಕೆಳಗಿಡು. ಯಾರದಾದರೂ ತೋಳು ಹಿಡಿದುಕೊಂಡಿದ್ದರೆ ಅದನ್ನೂ ಬಿಟ್ಟುಬಿಡು, ಪಾಪ.

ಮೂವತ್ತೈದು ವರ್ಷ ಇದೇ ನಾಟಕ ಕಂಪನಿಯಲ್ಲಿ ರಾಜನಾಗಿ, ರಾಕ್ಷಸನಾಗಿ, ಹೆಣ್ಣು ಕೊಡದ ಮಾವನಾಗಿ ಗುಡುಗಿದ ನಿನ್ನ ಅಣ್ಣ ಕಳೆದ ಭಾನುವಾರ ಎರಡನೇ ಅಂಕದಲ್ಲಿ ಮಾತು ಮರೆತ!

ಅಷ್ಟೇ ತಾನೇ ಎನ್ನಬೇಡ. ಮಾತು ಮರೆಯುವುದು ನಮಗೆ ಹೊಸದಲ್ಲ. ಪ್ರಾಂಪ್ಟರ್ ಪಕ್ಕದ ಪರದೆಯ ಹಿಂದಿನಿಂದ ಒಂದು ಅಕ್ಷರ ಎಸೆದರೆ ಸಾಕು, ಉಳಿದದ್ದು ತಾನಾಗಿ ಓಡಿಬರುತ್ತದೆ. ಭಾನುವಾರ ಹಾಗಾಗಲಿಲ್ಲ. ನಾನು ಸಿಂಹಾಸನದ ಮೇಲಿದ್ದೆ. ಎದುರಿಗೆ ಮಂತ್ರಿ ಕೈಕಟ್ಟಿ ನಿಂತಿದ್ದ. ನಮ್ಮ ಪ್ರಾಂಪ್ಟರ್, ಅವನೇ, ಕಂಪನಿಯವರು ಪಿಸುಮಾತು ಅಂತ ಕರೆಯುವವನು, ಇಡೀ ವಾಕ್ಯವನ್ನೇ ಹೇಳಿದ. ಎರಡು ಸಲ ಹೇಳಿದ. ಮೂರನೇ ಸಲ ಮುಂದಿನ ಸಾಲಿನವರಿಗೂ ಕೇಳಿಸಿತು. ನನಗೂ ಕೇಳಿಸಿತು ಕಣೇ. ಆದರೆ ಅದು ನನ್ನ ಮಾತು ಅಂತ ಅನ್ನಿಸಲೇ ಇಲ್ಲ. ಪಕ್ಕದ ಮನೆಯವರ ಕಾಗದವನ್ನು ಯಾರೋ ನನ್ನ ಕೈಗೆ ಕೊಟ್ಟು ಹೋದ ಹಾಗಿತ್ತು.

ಏನು ಮಾಡಿದೆ ಗೊತ್ತೇ? ನಕ್ಕೆ. ಹಾ ಹಾ ಹಾ ಎಂದು ಸೂರು ಹಾರಿಹೋಗುವ ಹಾಗೆ ನಕ್ಕೆ. ಜನ ಚಪ್ಪಾಳೆ ತಟ್ಟಿದರು. ಒಳಗೆ ಬಂದು ಬಣ್ಣದ ಕೋಣೆಯಲ್ಲಿ ಕೂತೆ. ಕನ್ನಡಿಯಲ್ಲಿ ಅಮ್ಮ ಕಂಡಳು.

ಅವಳಿಗೆ ಮರೆವು ಶುರುವಾದದ್ದು ಅರವತ್ತೊಂದಕ್ಕೆ. ಮೊದಲು ಚಪ್ಪಲಿ ಫ್ರಿಜ್ಜಿನೊಳಗೆ ಹೋಯಿತು. ಕೊನೆಗೆ ನಾನೇ ಬಾಗಿಲು ತಟ್ಟಿದರೆ “ಯಾರು ಬೇಕಿತ್ತು ಸಾರ್?” ಎಂದು ಕೇಳಿದಳು. ನನಗೀಗ ಐವತ್ತೊಂಬತ್ತು.

ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಾದರೆ ನನ್ನ ಮಾತು ನಿಂತ ಕಡೆಯೆಲ್ಲ ನೀನು ಗಡಿಯಾರ ನೋಡುತ್ತೀಯ. ಕಾಗದದಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಕೂತಿದ್ದೆ ಅಂತ ಯಾರಪ್ಪನಿಗೂ ತಿಳಿಯುವುದಿಲ್ಲ. ನಿನ್ನ ಅತ್ತಿಗೆಗೆ ಹೇಳಿಲ್ಲ. ನೀನೂ ಬಾಯಿ ಬಿಡಬೇಡ.

ಇಂತಿ,
ಗುಡುಗಣ್ಣ


ತಾ. 9 ಫೆಬ್ರವರಿ

ಅಣ್ಣಾ,

ಸ್ಟೂಲಿನ ಮೇಲೆ ಕೂತೇ ಓದಿದೆ.

ಒಂದು ಭಾನುವಾರದಿಂದ ಏನೂ ತೀರ್ಮಾನವಾಗುವುದಿಲ್ಲ. ಎರಡು ಕೆಲಸ ಮಾಡು. ನೆನಪಿನ ತೊಂದರೆ ನೋಡುವ ಡಾಕ್ಟರ ಹತ್ತಿರ ಹೋಗು. ಅವರು ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ: ಐದು ಪದ ಹೇಳಿ ಆಮೇಲೆ ಕೇಳುವುದು, ಗಡಿಯಾರ ಬಿಡಿಸುವುದು, ಹೀಗೆ. ಜೊತೆಗೆ ರಕ್ತ ಕೊಡು. ಬಿ12 ವಿಟಮಿನ್ ಎಷ್ಟಿದೆ ನೋಡಬೇಕು. ಅದು ಕಡಿಮೆಯಾದರೆ ನೆನಪಿಗೆ ಪೆಟ್ಟು ಬೀಳಬಹುದು.

ಪಾದ ಜೋಮು ಹಿಡಿಯುತ್ತದೆಯೇ? ನಾಲಿಗೆ ಉರಿಯುತ್ತದೆಯೇ? ದಿನಾ ಯಾವ ಮಾತ್ರೆ ತೆಗೆದುಕೊಳ್ಳುತ್ತೀಯ? ಬರೆ.

ಅತ್ತಿಗೆಗೆ ಹೇಳುವುದು ಒಳ್ಳೆಯದು.

ತಂಗಿ


ತಾ. 16 ಮಾರ್ಚ್

ಎಲೌ ಸೂಜೀ!

ನಗಾರಿ ಬಾರಿಸು! ಕಹಳೆ ಊದಿಸು! ನಿನ್ನ ಅಣ್ಣ ಗೆದ್ದ!

ಮೂವತ್ತಕ್ಕೆ ಇಪ್ಪತ್ತೊಂಬತ್ತು! ಐದಕ್ಕೆ ಐದು ಪದ, ಡಾಕ್ಟರು ಕೇಳಿ ಮುಗಿಸುವ ಮೊದಲೇ ಪಟಪಟನೆ ಒದರಿದೆ. ಗಡಿಯಾರ ಬಿಡಿಸು ಎಂದರು. ಎಂಥ ಗಡಿಯಾರ ಬಿಡಿಸಿದೆ ಅಂತೀಯ, ಕೀಲಿ ಕೊಟ್ಟರೆ ಓಡಬೇಕು! ಒಂದು ಅಂಕ ಹೋದದ್ದು ತಾರೀಕಿನಲ್ಲಿ. ಅದು ನನಗೆ ಮದುವೆಯ ದಿನವೂ ಗೊತ್ತಿರಲಿಲ್ಲ.

ರಕ್ತವೂ ಪಾಸ್. ನೀನು ಹೇಳಿದ ವಿಟಮಿನ್ ಕೊಡ ತುಂಬಿ ಚೆಲ್ಲುತ್ತಿದೆಯಂತೆ. “ಕೊರತೆ ಅನ್ನೋ ಮಾತೇ ಇಲ್ಲ” ಅಂದರು ಡಾಕ್ಟರು. ಇನ್ನೇನೋ ನೋಡಬೇಕು, ಮತ್ತೆ ಬನ್ನಿ ಅಂತಲೂ ಅಂದರು. ಪಾಸಾದ ಶಾಲೆಗೆ ಯಾರು ಮತ್ತೆ ಹೋಗುತ್ತಾರೆ?

ಪಾದ ಸ್ವಲ್ಪ ಮಂಕಾಗಿದೆ. ರಾಜನ ಬೂಟು ಬಿಗಿ, ಅದಕ್ಕೆ. ಮಾತ್ರೆ ಯಾವುದೂ ಇಲ್ಲ. ನಾನೇನು ಮುದುಕನೇ?

ವಿಜಯಿಯಾದ,
ಗುಡುಗಣ್ಣ


ತಾ. 23 ಮಾರ್ಚ್

ಅಣ್ಣಾ!

ತುಂಬಾ ಸಂತೋಷವಾಯಿತು! ಭೇಷ್! ಇನ್ನು ಚಿಂತೆ ಬಿಡು, ನಿದ್ದೆ ಸರಿಯಾಗಿ ಮಾಡು. ಇಲ್ಲಿ ಹವೆ ಚೆನ್ನಾಗಿದೆ. ಲ್ಯಾಬಿಗೆ ಹೊಸ ಯಂತ್ರ ಬಂದಿದೆ!

ತಂಗಿ


ತಾ. 14 ಏಪ್ರಿಲ್

ಸೂಜಿಗೆ,

ನಿನ್ನ ಪತ್ರದಲ್ಲಿ ನಾಲ್ಕು ಉದ್ಗಾರದ ಗುರುತುಗಳಿವೆ. ಹುಟ್ಟಿದಾಗಿನಿಂದ ನೀನು ಹಾಕಿದ್ದೇ ನಾಲ್ಕು ಇರಬೇಕು. ಹವೆ ಚೆನ್ನಾಗಿದೆಯಂತೆ! ನೀನು ಯಾವತ್ತು ಕಿಟಕಿಯಾಚೆ ನೋಡಿದವಳು? ನಾನು ನಟ ಕಣೇ. ಸುಳ್ಳು ಸಂತೋಷದ ವಾಸನೆ ಮೂರು ಪರದೆಯಾಚೆಯಿಂದ ನನಗೆ ಬಡಿಯುತ್ತದೆ. ನಾನು ಪಾಸಾದೆ ಅಂದರೆ ನೀನು ಯಾಕೆ ಹೆದರಿದೆ? ಮೂರು ವಾರ ಇದನ್ನೇ ಯೋಚಿಸಿದೆ.

ಇಲ್ಲಿನ ಸುದ್ದಿ. ಯುದ್ಧದ ದೃಶ್ಯದಲ್ಲಿ ಮೆಟ್ಟಿಲಿಂದ ಬಿದ್ದೆ. ಕಾಲಿಗೆ ಮೆಟ್ಟಿಲು ಸಿಕ್ಕಿತೋ ಇಲ್ಲವೋ ತಿಳಿಯಲೇ ಇಲ್ಲ, ಹತ್ತಿಯ ಮೇಲೆ ಕಾಲಿಟ್ಟ ಹಾಗಿತ್ತು. ರಾಜನ ಪಾತ್ರವನ್ನು ಮಂತ್ರಿಗೆ ಕೊಟ್ಟಿದ್ದಾರೆ. ಕಂಪನಿ ಯಜಮಾನರು ಹೆಗಲ ಮೇಲೆ ಕೈಯಿಟ್ಟು “ಸ್ವಲ್ಪ ದಿನ ರೆಸ್ಟ್ ತಗೋಳಪ್ಪಾ” ಎಂದರು. ಆ ‘ಅಪ್ಪಾ’ ಅನ್ನುವುದನ್ನು ಸಹಿಸಲಾಗಲಿಲ್ಲ. ಮೊನ್ನೆವರೆಗೂ ‘ಏನಯ್ಯಾ ಗುಡುಗು’ ಎನ್ನುತ್ತಿದ್ದರು.

ನಿನ್ನ ಅತ್ತಿಗೆ ಉಡುಪಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು ಒಳಗೆ ಹೋದೆ. ನನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಸರಿಯಾಗಿ ಹಾಕಿದಳು. “ಇದು ಈ ವಾರ ಮೂರನೇ ಸಲ” ಎಂದಳು, ಅಷ್ಟೇ. ಆಮೇಲೆ ಯಂತ್ರ ತುಳಿಯತೊಡಗಿದಳು. ಅದರಲ್ಲಿ ಬಟ್ಟೆಯೇ ಇರಲಿಲ್ಲ.

ಅಣ್ಣ


ತಾ. 22 ಏಪ್ರಿಲ್

ಎಲೌ ಸೂಜೀ!

ನಗಾರಿ ಬಾರಿಸು! ನಿನಗಿನ್ನೂ ಹೇಳಿಯೇ ಇಲ್ಲ, ಡಾಕ್ಟರ ಹತ್ತಿರ ಹೋಗಿಬಂದೆ. ಮೂವತ್ತಕ್ಕೆ ಇಪ್ಪತ್ತೊಂಬತ್ತು! ಎಂಥ ಗಡಿಯಾರ ಬಿಡಿಸಿದೆ ಅಂತೀಯ, ಕೀಲಿ ಕೊಟ್ಟರೆ ಓಡಬೇಕು! ವಿಟಮಿನ್ನೂ ಕೊಡ ತುಂಬಿ ಚೆಲ್ಲುತ್ತಿದೆ. ತಕ್ಷಣ ಬರೆ, ನಿನ್ನ ಸಂತೋಷ ನೋಡಬೇಕು.

ವಿಜಯಿಯಾದ,
ಗುಡುಗಣ್ಣ


ತಾ. 28 ಏಪ್ರಿಲ್

ಅಣ್ಣಾ,

ಈ ಸುದ್ದಿಯನ್ನು ನೀನು ಮಾರ್ಚಿನಲ್ಲೇ ಬರೆದಿದ್ದೆ. ಅದೇ ನಗಾರಿ, ಅದೇ ಗಡಿಯಾರ. ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಇದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳದೆ ಇದ್ದು ನೋಡಿದೆ, ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಹೆದರಿದ್ದೆ. ವಿಟಮಿನ್ ಕಡಿಮೆ ಇರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ ಅಣ್ಣಾ. ಕೊರತೆಯಾದರೆ ತುಂಬಿಸಬಹುದು. ಅದು ಭರ್ತಿಯಿದೆ ಎಂದು ನೀನು ಕುಣಿದು ಬರೆದಾಗ ನನಗೆ ಉಳಿದದ್ದು ಒಂದೇ: ಅಮ್ಮನದು.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ದಿನಕ್ಕೆ ನೂರು ಜನರ ರಿಪೋರ್ಟ್ ನೋಡುವವಳು ನಿನ್ನದನ್ನು ಕಳಿಸು ಎಂದು ಕೇಳಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಈಗ ಕಳಿಸು. ಎಲ್ಲ ಹಾಳೆಗಳನ್ನೂ ಕಳಿಸು. ಅತ್ತಿಗೆಯ ಕೈಯಲ್ಲೇ ಅಂಚೆಗೆ ಹಾಕಿಸು.

ತಂಗಿ


ತಾ. 3 ಮೇ

ಸೂಜಿಗೆ,

ಎರಡು ಸಲ ಬರೆದೆನೇ? ಮೊದಲನೆಯದು ಬರೆದ ನೆನಪಿಲ್ಲ. ಎರಡನೆಯದು ನೆನಪಿದೆ. ಅಥವಾ ನೆನಪಿರುವುದು ಮೊದಲನೆಯದೇ ಇರಬಹುದು.

ರಿಪೋರ್ಟ್ ಇದರ ಜೊತೆಗಿದೆ. ಲಕೋಟೆಯ ಮೇಲಿನ ವಿಳಾಸ ಅತ್ತಿಗೆ ಬರೆದದ್ದು. ಅವಳಿಗೆ ಎಲ್ಲ ಹೇಳಿದೆ. “ಗೊತ್ತು” ಎಂದಳು.

ಅಣ್ಣ


ತಾ. 9 ಮೇ

ಅಣ್ಣಾ,

ಈಗ ನೀನು ಕೂತು ಓದು. ಪಕ್ಕದಲ್ಲಿ ಅತ್ತಿಗೆಯೂ ಇರಲಿ.

ನಿನ್ನ ಬಿ12 ಎರಡು ಸಾವಿರಕ್ಕಿಂತ ಹೆಚ್ಚು ಎಂದಿದೆ. ಯಂತ್ರ ಅದಕ್ಕಿಂತ ಮೇಲೆ ಎಣಿಸಲಾರದು. ಊಟದಿಂದಲೇ ಅಷ್ಟು ಏರಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ.

ಎರಡನೇ ಹಾಳೆ ನೋಡು. ಕೆಂಪು ರಕ್ತಕಣದ ಗಾತ್ರ ನೂರರೊಳಗಿರಬೇಕು. ನಿನ್ನದು ನೂರ ಹದಿನಾರು. ಈ ವಿಟಮಿನ್ ಬಹಳ ಕಾಲ ಸಾಲದೇ ಹೋದಾಗ ಕಣಗಳು ಹೀಗೆ ಊದಿಕೊಳ್ಳುತ್ತವೆ. ಡಾಕ್ಟರು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು “ತಪ್ಪದೆ ಮತ್ತೆ ಬನ್ನಿ” ಎಂದು ಬರೆದಿದ್ದಾರೆ. ನೀನು ಹೋಗಲಿಲ್ಲ.

ಒಂದು ಹಾಳೆ ವಿಟಮಿನ್ ಉಕ್ಕುತ್ತಿದೆ ಎನ್ನುತ್ತದೆ, ಇನ್ನೊಂದು ಬತ್ತಿದೆ ಎನ್ನುತ್ತದೆ. ವಿಟಮಿನ್ನಿನ ಅಂಕಿಯನ್ನು ಒಂದು ವಾರದ ಮಾತ್ರೆಯಲ್ಲಿ ಏರಿಸಬಹುದು. ಆದರೆ ರಕ್ತಕಣ ನಾಲ್ಕು ತಿಂಗಳು ಬದುಕುತ್ತದೆ. ಅದು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಇರುತ್ತದೆ. ಅದಕ್ಕೆ ತಾಲೀಮು ಮಾಡಿಸಲು ಯಾರಿಂದಲೂ ಆಗುವುದಿಲ್ಲ.

ಏನು ನುಂಗಿದೆ ಅಣ್ಣಾ? ಯಾವಾಗ? ನಿನ್ನ ಕಾಲಿಗೆ ಬೀಳುತ್ತೇನೆ, ನಿಜ ಹೇಳು.

ತಂಗಿ


ತಾ. 15 ಮೇ

ತಂಗೀ,

ಬಣ್ಣ ತೊಳೆದ ಮುಖದಲ್ಲಿ ಬರೆಯುತ್ತಿದ್ದೇನೆ.

ಹೊಸ ರಂಗಮಂದಿರಕ್ಕೆ ಹಿಂದಿನ ದಿನವೇ ಹೋಗಿ, ಹಲಗೆ ತುಳಿದು, ಕತ್ತಲೆಯ ಮೂಲೆಯೆಲ್ಲ ನೋಡಿ ಬರದೆ ನಾನು ಎಂದಾದರೂ ಪಾತ್ರ ಮಾಡಿದ್ದೇನೆಯೇ? ಡಾಕ್ಟರ ಹತ್ತಿರ ಹೋಗುವಾಗಲೂ ಹಾಗೆಯೇ ಮಾಡಿದೆ. ನಾಲ್ಕು ದಿನ ಮೊದಲೇ ಹೋಗಿ ಹೊರಗಿನ ಬೆಂಚಿನಲ್ಲಿ, ಯಾರದೋ ಕಡೆಯವನ ಹಾಗೆ ಕೂತೆ. ಬಾಗಿಲು ತೆಳ್ಳಗಿನ ಹಲಗೆಯದು. ಒಳಗೆ ಒಬ್ಬ ಮುದುಕಿಗೆ ಪದ ಹೇಳುತ್ತಿದ್ದರು: ಬಾಗಿಲು, ನಿಂಬೆ, ಹಡಗು, ಗಂಟೆ, ಬಿಳಿ. ಅವಳ ನಂತರ ಬಂದವನಿಗೂ ಅವೇ ಐದು. ನನಗೆ ಇನ್ನೇನು ಬೇಕು? ಅಂಗೈಯಲ್ಲಿ ಬರೆದುಕೊಂಡು ಓಡಿಬಂದೆ.

ಪಿಸುಮಾತು ಮೂರು ದಿನ ತಾಲೀಮು ಮಾಡಿಸಿದ. ಗಡಿಯಾರ ನಲವತ್ತು ಸಲ ಬಿಡಿಸಿದೆ. “ಇದೆಲ್ಲ ಯಾವ ನಾಟಕಕ್ಕೋ?” ಎಂದು ಕೇಳಿದ. “ಹೊಸದು” ಎಂದೆ. ಹದಿನೈದನೇ ಗಡಿಯಾರದ ಹೊತ್ತಿಗೆ ಅವನಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಮುಖ ಆಚೆ ತಿರುಗಿಸಿ ಪದ ಹೇಳಿಕೊಡುತ್ತಿದ್ದ.

ರಕ್ತಕ್ಕೂ ತಾಲೀಮು ಬೇಡವೇ? ಔಷಧಿ ಅಂಗಡಿಯವನಿಗೆ “ಬಿ12, ಇರೋದ್ರಲ್ಲೇ ದೊಡ್ಡದು ಕೊಡಯ್ಯಾ” ಎಂದೆ. ಒಂಬತ್ತು ದಿನ, ದಿನಕ್ಕೆ ಎರಡರಂತೆ ನುಂಗಿದೆ. ಕಡಿಮೆ ಬಂದರೆ ಫೇಲು, ಅಮ್ಮನ ಕಾಯಿಲೆ ಗಟ್ಟಿ ಅಂತಲೇ ತಿಳಿದಿದ್ದೆ. ಕಡಿಮೆ ಬರಲಿ ಅಂತ ನೀನು ಬೇಡಿಕೊಳ್ಳುತ್ತಿದ್ದದ್ದು ನನಗೇನು ಗೊತ್ತು? ಪಾಸಾದ ಸಂಜೆ ಉಳಿದ ಮಾತ್ರೆಗಳನ್ನು ಕಸಕ್ಕೆ ಎಸೆದೆ.

ಇನ್ನೊಂದು. ಮಾತ್ರೆ ಯಾವುದೂ ಇಲ್ಲ ಎಂದಿದ್ದೆ. ಎದೆಯುರಿಗೆ ಒಂದು ನುಂಗುತ್ತೇನೆ, ಬೆಳಿಗ್ಗೆ ಎದ್ದ ಕೂಡಲೇ. ಹನ್ನೊಂದು ವರ್ಷವಾಯಿತು. ಅದನ್ನು ಔಷಧಿ ಅಂತ ನಾನು ಎಣಿಸಿಯೇ ಇಲ್ಲ.

ಡಾಕ್ಟರ ಕಣ್ಣಿಗೆ ಮಣ್ಣೆರಚಿದೆ ಎಂದು ಬೀಗುತ್ತಿದ್ದೆ. ನನ್ನ ತಲೆಯ ಮೇಲೆ ನಾನೇ ಪರದೆ ಬೀಳಿಸಿಕೊಂಡೆ ಕಣೇ. ಎಷ್ಟು ತಿಂಗಳು ಹಾಳು ಮಾಡಿದೆ? ಹೋದದ್ದು ಮರಳಿ ಬರುತ್ತದೆಯೇ?

ಅಣ್ಣ


ತಾ. 20 ಮೇ

ಅಣ್ಣಾ,

ನಿನ್ನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಆಮೇಲೆ ನನ್ನ ಕೆನ್ನೆಗೂ. ಫೆಬ್ರವರಿಯ ಪತ್ರದಲ್ಲಿ “ಕಡಿಮೆ ಬಂದರೆ ಒಳ್ಳೆಯ ಸುದ್ದಿ” ಎಂದು ಬರೆದು, ಸುಮ್ಮನೆ ಆಸೆ ಹುಟ್ಟಿಸಬಾರದೆಂದು ಆ ಹಾಳೆ ಹರಿದು ಬೇರೆ ಬರೆದೆ. ಆ ಒಂದು ಸಾಲಿದ್ದರೆ ನೀನು ಮಾತ್ರೆ ಮುಟ್ಟುತ್ತಿರಲಿಲ್ಲ.

ಎದೆಯುರಿಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಊಟದಲ್ಲಿರುವ ಈ ವಿಟಮಿನ್ ಮೈಗೆ ಹತ್ತದೆ ಹೋಗಬಹುದು. ನೀನಾಗಿಯೇ ನಿಲ್ಲಿಸಬೇಡ, ಡಾಕ್ಟರನ್ನು ಕೇಳು. ನಿನ್ನ ಹಿಂದಿನ ಪತ್ರವನ್ನು ಇದರ ಜೊತೆಗೆ ವಾಪಸ್ ಕಳಿಸಿದ್ದೇನೆ, ಅದನ್ನೇ ಅವರ ಮುಂದಿಡು, ಒಂದಕ್ಷರವೂ ಬಿಡದೆ ಓದಲಿ. ನಾಳೆಯೇ ಹೋಗು. ಅತ್ತಿಗೆ ಜೊತೆಗಿರಲಿ.

ಮರಳಿ ಬರುತ್ತದೆಯೇ ಎಂದು ಕೇಳಿದೆಯಲ್ಲ. ನನಗೆ ಗೊತ್ತಿಲ್ಲ. ಇಲ್ಲಿ ಒಬ್ಬ ಬಸ್ ಡ್ರೈವರ್ ತನ್ನ ದಾರಿಯನ್ನೇ ಮರೆತಿದ್ದವನು ಇಂಜೆಕ್ಷನ್ ಶುರುವಾದ ಮೇಲೆ ಮತ್ತೆ ಸ್ಟೀರಿಂಗ್ ಹಿಡಿದ. ಅವನ ಹಿಂದೆಯೇ ಬಂದ ಹೆಂಗಸಿಗೆ ವಿಟಮಿನ್ ಏರಿತು, ನೆನಪು ಏರಲಿಲ್ಲ.

ತಂಗಿ


ತಾ. 6 ಜೂನ್

ಸೂಜಿಗೆ,

ಹೋದೆ. ಡಾಕ್ಟರು ಪತ್ರ ಓದಿ ಕನ್ನಡಕ ತೆಗೆದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. “ಒಂದು ಚಮತ್ಕಾರ ಹೇಳ್ಲಾ ಸಾರ್? ಹದಿನಾರು ವರ್ಷದಲ್ಲಿ ಈ ಪರೀಕ್ಷೆಗೆ ರಿಹರ್ಸಲ್ ಮಾಡ್ಕೊಂಡು ಬಂದವರು ನೀವೊಬ್ಬರೇ” ಎಂದರು. ಅತ್ತಿಗೆ “ಇವರು ಮದುವೆ ಮಾತುಕತೆಗೂ ಮಾಡ್ಕೊಂಡೇ ಬಂದಿದ್ದರು” ಎಂದಳು. ಮೂವರೂ ನಕ್ಕೆವು. ನಾನು ಸ್ವಲ್ಪ ಬೇಗ ನಿಲ್ಲಿಸಿದೆ.

ಪದ ಬದಲಾಯಿಸಿ ಮತ್ತೆ ಪರೀಕ್ಷೆ ಮಾಡಿದರು. ಮೂವತ್ತಕ್ಕೆ ಹದಿನೆಂಟು. ಐದು ಪದಗಳಲ್ಲಿ ಒಂದೂ ಬರಲಿಲ್ಲ. ಬಂದವು ಹಳೆಯವೇ, ಬಾಗಿಲು, ನಿಂಬೆ, ಹಡಗು, ಸಾಲಾಗಿ. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡಳು.

ಇನ್ನೊಂದು ರಕ್ತ ಪರೀಕ್ಷೆ ಬರೆದರು. ಈ ವಿಟಮಿನ್ ಮೈಯೊಳಗೆ ಸಾಲದಿದ್ದಾಗ ಒಂದು ಆಮ್ಲ ಏರುತ್ತದಂತೆ. ಏರಿದೆ. ಇಂಜೆಕ್ಷನ್ ಶುರುವಾಗಿದೆ.

“ಇದರಿಂದ ಸರಿಹೋಗುತ್ತಾ?” ಎಂದು ಕೇಳಿದೆ.

“ಕೊರತೆ ಇತ್ತು ಅನ್ನೋದು ಖಚಿತ. ನಿಮ್ಮ ಮರೆವಿಗೆ ಅದೊಂದೇ ಕಾರಣವೋ, ನಿಮ್ಮ ತಾಯಿಯವರ ಕಾಯಿಲೆಯೂ ಪಕ್ಕದಲ್ಲಿ ಕೂತಿದೆಯೋ, ಇವತ್ತು ಹೇಳೋಕಾಗಲ್ಲ. ಆರು ತಿಂಗಳು ಕಾಯೋಣ” ಎಂದರು.

ಆರು ತಿಂಗಳು! ಯಾವ ನಾಟಕಕ್ಕೂ ಇಷ್ಟು ದೊಡ್ಡ ಮಧ್ಯಂತರ ಕಂಡಿಲ್ಲ.

ಅಣ್ಣ


ತಾ. 4 ಸೆಪ್ಟೆಂಬರ್

ಅಣ್ಣಾ,

ಪಾದಕ್ಕೆ ನೆಲ ಸಿಗುತ್ತಿದೆ ಎಂದು ಅತ್ತಿಗೆ ಬರೆದಿದ್ದಾರೆ. ಅಂಗಿಯ ಗುಂಡಿ ಈ ತಿಂಗಳು ಒಂದೇ ಸಲ ತಪ್ಪಿತಂತೆ. ಯಾವುದಕ್ಕೂ ಉದ್ಗಾರ ಹಾಕುವುದಿಲ್ಲ.

ನಿನ್ನಿಂದ ಮುಚ್ಚಿಟ್ಟದ್ದು ಇನ್ನೊಂದಿದೆ. ಫೆಬ್ರವರಿಯಿಂದ ಪ್ರತಿ ತಿಂಗಳೂ ಬಾಗಿಲು ಹಾಕಿಕೊಂಡು ನನ್ನ ಎಡತೋಳಿನಿಂದ ನಾನೇ ರಕ್ತ ತೆಗೆದುಕೊಳ್ಳುತ್ತಿದ್ದೇನೆ. ಎಲ್ಲ ಸರಿಯಾಗಿದೆ, ವಿಟಮಿನ್ನೂ ಇದೆ. ಆದರೂ ಬೀಗದ ಕೈ ಎಲ್ಲಿಟ್ಟೆ ಎಂದು ಒಂದು ನಿಮಿಷ ಹುಡುಕಿದರೆ ಜೀವ ಬಾಯಿಗೆ ಬರುತ್ತದೆ. ಇಷ್ಟಿದ್ದರೆ ಸಾಕು, ನೀನು ಅಮ್ಮನ ಹಾಗೆ ಆಗುವುದಿಲ್ಲ ಎಂದು ಭರವಸೆ ಕೊಡುವ ಅಂಕಿ ನಮ್ಮ ಯಂತ್ರದಲ್ಲಿ ಇಲ್ಲ. ನಾನು ಹುಡುಕುತ್ತಿರುವುದು ಅದನ್ನೇ ಎಂದು ಕಾಣುತ್ತದೆ.

ತಂಗಿ


ತಾ. 8 ಡಿಸೆಂಬರ್

ತಂಗೀ,

ಈ ಸಲ ಬೆಂಚಿನಲ್ಲಿ ಕೂರಲಿಲ್ಲ. ಪಿಸುಮಾತು ಆಸ್ಪತ್ರೆಯ ಗೇಟಿನವರೆಗೆ ಬಂದು “ಏನೂ ಹೇಳ್ಕೊಡಲ್ಲ ಕಣೋ, ಹೋಗು” ಎಂದು ಬೆನ್ನು ತಟ್ಟಿದ. ಮಾತು ಬಾರದ ಪಾತ್ರದ ಹಾಗೆ ಒಳಗೆ ಹೋದೆ.

ಇಪ್ಪತ್ತಮೂರು.

ಐದು ಅಂಕ ಏರಿವೆ. ಡಾಕ್ಟರಿಗೆ ಸಂತೋಷವಾಯಿತು. “ಇನ್ನೂ ಏರಬಹುದು, ಇಲ್ಲಿಗೇ ನಿಲ್ಲಲೂಬಹುದು. ಇಳಿದರೆ ಬೇರೆ ದಾರಿ ಯೋಚಿಸಬೇಕು. ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ” ಎಂದರು. ನಾನು ಆ ಉಳಿದ ಏಳನ್ನೇ ನೋಡುತ್ತಾ ಕೂತೆ. ಏಳು ಎಲ್ಲಿ ಹೋದವು? ನನ್ನ ಒಂಬತ್ತು ದಿನದ ಜಾಣತನ ಅದರಲ್ಲಿ ಎಷ್ಟನ್ನು ತಿಂದಿತು? “ಅದನ್ನು ಯಾರೂ ಹೇಳಲಾರರು” ಎಂದರು.

ಭಾನುವಾರ ರಂಗಕ್ಕೆ ಹೋದೆ. ದೂತನ ಪಾತ್ರ, ನಾಲ್ಕೇ ಮಾತು. ಪಕ್ಕದ ಪರದೆಯ ಬಳಿ ನಿಂತಾಗ ಮಂಡಿ ಗಡಗಡ ನಡುಗಿತು. ಪಿಸುಮಾತು ನೋಡಿಬಿಟ್ಟ.

“ಏನಯ್ಯಾ, ನಾಲ್ಕು ಮಾತಿಗೆ ನಡುಗ್ತೀಯಾ? ನಾಚಿಕೆ ಆಗಲ್ವಾ?”

“ನಡುಗ್ತಿದ್ದೀನಿ ಕಣೋ” ಎಂದೆ. ಹೇಳುವಾಗ ಏಕೋ ಹಗುರಾಯಿತು.

ಯಾಕೆ ಅಂತ ಆಮೇಲೆ ಹೊಳೆಯಿತು. ಕೊನೆಯ ವರ್ಷ ಅಮ್ಮ ರಸ್ತೆಯ ನಡುವೆ ನಿಂತಳು. ಲಾರಿ ಕಿರುಚಿಕೊಂಡು ನಿಂತಿತು. ನಾನು ಓಡಿಹೋಗಿ ತಬ್ಬಿಕೊಂಡೆ, ನನ್ನ ಎದೆ ಡವಗುಟ್ಟುತ್ತಿತ್ತು. ಅವಳ ಎದೆ ಏನೂ ಆಗದ ಹಾಗೆ ನಿಧಾನವಾಗಿ ಬಡಿಯುತ್ತಿತ್ತು. ಹೆದರುವುದನ್ನೂ ಮರೆತಿದ್ದಳು ಕಣೇ. ನಿನಗೆ ಹೇಳಿರಲಿಲ್ಲ.

ನನಗೆ ಇನ್ನೂ ಭಯವಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಆಗುತ್ತದೆ. ಯಾವುದರ ಭಯ, ಯಾಕೆ ಭಯ, ಯಾರನ್ನೆಲ್ಲ ಕಳೆದುಕೊಳ್ಳುವ ಭಯ, ಹೆಸರು ಹೆಸರು ಹಿಡಿದು ಹೇಳಬಲ್ಲೆ. ನಾಲ್ಕು ಮಾತನ್ನೂ ಹೇಳಿದೆ. ಒಂದೂ ತಪ್ಪಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೂತನಿಗೆ ಯಾರು ತಟ್ಟುತ್ತಾರೆ?

ಬಾಗಿಲು ಹಾಕಿಕೊಂಡು ಒಬ್ಬಳೇ ತೋಳಿಗೆ ಚುಚ್ಚಿಕೊಳ್ಳುವುದನ್ನು ನಿಲ್ಲಿಸು. ರಜೆ ಹಾಕು. ಮುಂದಿನ ಸೋಮವಾರ ನನಗೆ ಇಂಜೆಕ್ಷನ್ ಇದೆ, ಇಬ್ಬರೂ ಹೋಗೋಣ. ಧೈರ್ಯ ಬಂದ ಮೇಲೆ ಬರುತ್ತೇನೆ ಅನ್ನಬೇಡ.

ಹೆದರಿಕೊಂಡೇ ಬಾ.

ಅಣ್ಣ